ಬುಕಿಂಗ್ ಆಯಿತು, ಗಾಡಿ ಯಾವಾಗ ಬರ್ತದೆ?

ಮಂಗಳೂರು ಬಂದರಿನ ಸಗಟು ಅಂಗಡಿಗಳ ಮುಂದೆ ಬೆಳಗ್ಗೆಯೇ ಪಿಕಪ್‌ಗಳ ಸಾಲು ನಿಲ್ಲುತ್ತದೆ. ಹಮಾಲರು ಅಕ್ಕಿ, ಬೆಲ್ಲ, ಒಣಮೆಣಸಿನ ಮೂಟೆಗಳನ್ನು ಬೆನ್ನ ಮೇಲೆ ತಂದು ಪೇರಿಸುತ್ತಾರೆ. ಹಿಂದಿನ ಚಕ್ರದ ಪ್ಲೇಟು ಎಷ್ಟು ಕುಗ್ಗಿತು ಎಂದು ಚಾಲಕ ಒಮ್ಮೆ ಬಗ್ಗಿ ನೋಡಿ, ಸಾಕು ಎಂದು ಕೈ ಎತ್ತುತ್ತಾನೆ. ಇಕ್ಕಟ್ಟಿನ ಓಣಿಯಿಂದ ಹೊರಬಿದ್ದ ಗಾಡಿ ಹಂಪನಕಟ್ಟೆಯ ಏರು ಹತ್ತಿ ಕಂಕನಾಡಿಗೋ ಕದ್ರಿಗೋ ದೇರಳಕಟ್ಟೆಗೋ ಹೊರಡುತ್ತದೆ. ಅಲ್ಲೇ ಪಕ್ಕದ ಧಕ್ಕೆಯಲ್ಲಿ ಇದಕ್ಕೂ ಮೊದಲೇ ಮೀನು, ಮಂಜುಗಡ್ಡೆಯ ಗಾಡಿಗಳು ಒಂದು ಸುತ್ತು ಮುಗಿಸಿರುತ್ತವೆ. ಈ ಊರಿನ ಅಡುಗೆಮನೆಗಳಿಗೆ, ಹೋಟೆಲುಗಳಿಗೆ, ಕಟ್ಟುತ್ತಿರುವ ಮನೆಗಳಿಗೆ ಬೇಕಾದ ಸಾಮಾನಿನಲ್ಲಿ ಬಹುಪಾಲು ಒಂದಲ್ಲ ಒಂದು ಹಂತದಲ್ಲಿ ಇಂಥ ಸಣ್ಣ ಗಾಡಿಯ ಬೆನ್ನೇರಿಯೇ ಬರಬೇಕು.

ಈ ಸಾಲಿನಲ್ಲಿ ಎಲೆಕ್ಟ್ರಿಕ್ ಗಾಡಿಯ ಮಾತು ಈಗ ಸಾಮಾನ್ಯ. ಮೊದಮೊದಲು ಎಲ್ಲರೂ ಕೇಳುತ್ತಿದ್ದುದು ಚಾರ್ಜ್ ಎಷ್ಟು ದೂರ ಬರುತ್ತದೆ ಎಂದು. ಈಗಿನ ಪ್ರಶ್ನೆ ಬೇರೆ: ‘ಬುಕ್ ಮಾಡಿದ್ರೆ ಗಾಡಿ ಯಾವಾಗ ಬರ್ತದೆ ಮಾರಾಯ್ರೆ?’ ಅದರ ಬೆನ್ನಿಗೇ ಇನ್ನೊಂದು: ‘ಐದು ವರ್ಷ ಕಳೆದು ಇದರ ಸಾಮಾನು ಸಿಗ್ಲಿಕ್ಕುಂಟಾ?’

ಎರಡೂ ಪ್ರಶ್ನೆಗಳ ಬೇರು ಒಂದೇ. ಒಂದು ಮಾದರಿಯ ಗಾಡಿ ಕಾರ್ಖಾನೆಯಿಂದ ತಿಂಗಳಿಗೆ ಎಷ್ಟು ಹೊರಬರುತ್ತದೆ ಎನ್ನುವುದರ ಮೇಲೆ ಅದರ ಆಯುಷ್ಯವೇ ನಿಂತಿದೆ. ಸಾವಿರಗಟ್ಟಲೆ ಗಾಡಿ ರಸ್ತೆಗಿಳಿದರೆ ಬೈಕಂಪಾಡಿಯ ಗ್ಯಾರೇಜಿನ ಹುಡುಗರು ಅದನ್ನು ಬಿಚ್ಚಿ ಜೋಡಿಸಲು ಕಲಿಯುತ್ತಾರೆ, ಅಂಗಡಿಯಲ್ಲಿ ಬಿಡಿಭಾಗ ಸಿಗುತ್ತದೆ, ಹಳೆ ಗಾಡಿಗೆ ಬೆಲೆ ಕಟ್ಟುವವರು ಹುಟ್ಟುತ್ತಾರೆ, ಬ್ಯಾಂಕು ಸಾಲ ಕೊಡಲು ಅಂಜುವುದಿಲ್ಲ. ನೂರಿನ್ನೂರರಲ್ಲೇ ನಿಂತುಹೋದರೆ ಸಾಲದ ಕಂತು ತೀರುವ ಮೊದಲೇ ಗಾಡಿ ಅನಾಥವಾಗುತ್ತದೆ. ಷೇರುಪೇಟೆಯವರು ಉತ್ಪಾದನೆಯ ಅಂಕಿಗಳನ್ನು ಲಾಭನಷ್ಟಕ್ಕಾಗಿ ನೋಡುತ್ತಾರೆ. ಬಾಡಿಗೆಯಿಂದ ಬಾಡಿಗೆಗೆ ಬದುಕುವ ಚಾಲಕನಿಗೆ ಅದೇ ಅಂಕಿ ಹೊಟ್ಟೆಪಾಡಿನ ಲೆಕ್ಕ. ಆದ್ದರಿಂದ ಆ ಅಂಕಿಯನ್ನು ಓದುವ ವಿದ್ಯೆ ಅವನ ಕೈಯಲ್ಲೂ ಇರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಆ ವಿದ್ಯೆ ಅಷ್ಟೇನೂ ಕಷ್ಟದ್ದಲ್ಲ.

ಮೊದಲು ತಿಳಿಯಬೇಕಾದದ್ದು, ಕಂಪೆನಿಗಳ ಪ್ರಕಟಣೆಯಲ್ಲಿ ಬರುವ ಸಂಖ್ಯೆಗಳೆಲ್ಲ ಒಂದೇ ಜಾತಿಯವಲ್ಲ ಎನ್ನುವುದು. ಕಾರ್ಖಾನೆಯ ಸಾಮರ್ಥ್ಯ ಎಂದರೆ ಎಲ್ಲವೂ ಸರಿಹೋದರೆ ಎಷ್ಟು ತಯಾರಿಸಬಹುದು ಎಂಬ ಲೆಕ್ಕ. ಬುಕಿಂಗ್ ಎಂದರೆ ಆಸೆ. ಒಡಂಬಡಿಕೆ ಎಂದರೆ ಮುಂದೆ ಕೊಳ್ಳಬಹುದು ಎಂಬ ಮಾತು. ರವಾನೆ ಎಂದರೆ ಕಾರ್ಖಾನೆಯಿಂದ ಡೀಲರ್ ಅಂಗಳಕ್ಕೆ ಹೋದ ಗಾಡಿ. ವಾಹನ ತಯಾರಕರ ಒಕ್ಕೂಟವಾದ ಸಿಯಾಮ್ ತಿಂಗಳು ತಿಂಗಳು ಕೊಡುವ ಲೆಕ್ಕ ಹೆಚ್ಚಾಗಿ ಇದು. ಕೊನೆಯದು ನೋಂದಣಿ, ಅಂದರೆ ಆರ್‌ಟಿಒದಲ್ಲಿ ನಂಬರ್ ಬಿದ್ದು ಮಾಲೀಕನ ಕೈಸೇರಿದ ಗಾಡಿ. ಡೀಲರುಗಳ ಒಕ್ಕೂಟ ಫಾಡಾ ಆಧಾರವಾಗಿಟ್ಟುಕೊಳ್ಳುವುದು ಇದನ್ನೇ. ಸಾಮರ್ಥ್ಯದಿಂದ ನೋಂದಣಿಗೆ ಬರುವಷ್ಟರಲ್ಲಿ ಸಂಖ್ಯೆ ಎಷ್ಟು ಸೊರಗುತ್ತದೆ ಎನ್ನುವುದಕ್ಕೆ ನಮ್ಮ ರಾಜ್ಯದಲ್ಲೇ ಒಳ್ಳೆಯ ಸಾಕ್ಷಿ ಇದೆ.

ಬೊಮ್ಮಸಂದ್ರ ಕಲಿಸಿದ್ದು

ಚೇತನ್ ಮೈನಿ ಅವರ ‘ರೇವಾ’ ಎಂಬ ಪುಟ್ಟ ಎಲೆಕ್ಟ್ರಿಕ್ ಕಾರು 2001ರಲ್ಲಿ ಬೆಂಗಳೂರಿನ ರಸ್ತೆಗಿಳಿಯಿತು. ಆಗ ಜಗತ್ತಿನ ದೊಡ್ಡ ಕಂಪೆನಿಗಳಿಗೂ ಈ ವಿದ್ಯೆ ಕೈಹತ್ತಿರಲಿಲ್ಲ. ಲಂಡನ್ನಿನಲ್ಲಿ ಅದು ‘ಜಿ-ವಿಜ್’ ಎಂಬ ಹೆಸರಿನಲ್ಲಿ ಓಡಿತು, ಇಪ್ಪತ್ತಕ್ಕೂ ಹೆಚ್ಚು ದೇಶಗಳಿಗೆ ಹೋಯಿತು. ಆದರೂ ಹತ್ತು ವರ್ಷದಲ್ಲಿ ಒಟ್ಟು ಮಾರಾಟವಾದದ್ದು ನಾಲ್ಕು ಸಾವಿರದ ಆಸುಪಾಸು. 2010ರಲ್ಲಿ ಮಹೀಂದ್ರ ಕಂಪೆನಿ ಅದರ ಬಹುಪಾಲು ಷೇರು ಕೊಂಡಿತು. 2012ರಲ್ಲಿ ಬೊಮ್ಮಸಂದ್ರದಲ್ಲಿ ವರ್ಷಕ್ಕೆ 30,000 ಗಾಡಿ ತಯಾರಿಸಬಲ್ಲ ಹೊಸ ಕಾರ್ಖಾನೆ ತೆರೆಯಿತು. 2013ರ ಮಾರ್ಚ್‌ನಲ್ಲಿ ‘ಇ2ಒ’ ಬಂತು. ಮಾರಾಟ 30,000ದ ಹತ್ತಿರಕ್ಕೂ ಸುಳಿಯಲಿಲ್ಲ. 2019ರಲ್ಲಿ ಅದರ ಮುಂದಿನ ಮಾದರಿಯ ಮಾರಾಟವೂ ನಿಂತುಹೋಯಿತು.

ಇಲ್ಲಿಗೇ ಕಥೆ ನಿಲ್ಲಿಸಿದರೆ ಅದು ಸೋಲಿನ ಕಥೆ. ಆದರೆ 2018ರ ನವೆಂಬರ್‌ನಲ್ಲಿ ಅದೇ ಕಂಪೆನಿ ‘ಟ್ರಿಯೊ’ ಎಂಬ ಎಲೆಕ್ಟ್ರಿಕ್ ಆಟೊ ತಂದಿತು. 2020ರ ಅಕ್ಟೋಬರ್‌ನಲ್ಲಿ ಸಾಮಾನು ಹೊರುವ ‘ಟ್ರಿಯೊ ಜೋರ್’ ಬಂತು. ಕಾರಿನಲ್ಲಿ ಸಿಗದ ಓಟ ಇದರಲ್ಲಿ ಸಿಕ್ಕಿತು. ಕಂಪೆನಿಯ ಎಲೆಕ್ಟ್ರಿಕ್ ತ್ರಿಚಕ್ರ ವಾಹನಗಳ ಮಾರಾಟ ಇಂದು ಎರಡು ಲಕ್ಷ ದಾಟಿದೆ. ಸಾಮರ್ಥ್ಯ ನೋಡಿ ಭವಿಷ್ಯ ಹೇಳಿದವರು ಇ2ಒ ವಿಷಯದಲ್ಲಿ ಸೋತರು. ಇ2ಒ ನೋಡಿ ಭವಿಷ್ಯ ಹೇಳಿದವರು ಟ್ರಿಯೊ ವಿಷಯದಲ್ಲಿ ಸೋತರು. ಕಾರು ಕೊಳ್ಳುವವನು ಅಂದಚೆಂದ, ದೂರದ ಪ್ರಯಾಣ ಎಲ್ಲವನ್ನೂ ನೋಡುತ್ತಾನೆ. ದಿನಕ್ಕೆ ಎಂಬತ್ತು, ನೂರು ಕಿಲೋಮೀಟರ್ ಗೊತ್ತಾದ ದಾರಿಯಲ್ಲೇ ಓಡುವ ಆಟೊದವನು ಕಿಲೋಮೀಟರಿಗೆ ಎಷ್ಟು ಪೈಸೆ ಉಳಿಯಿತು ಎಂದು ನೋಡುತ್ತಾನೆ. ಬೇಡಿಕೆ ಹುಟ್ಟಿದ್ದು ಆ ಪೈಸೆಯಿಂದ. ನಮ್ಮ ದೇಶದಲ್ಲಿ ಈಗ ಮಾರಾಟವಾಗುವ ತ್ರಿಚಕ್ರ ವಾಹನಗಳಲ್ಲಿ ಅರ್ಧಕ್ಕಿಂತ ಹೆಚ್ಚು ಎಲೆಕ್ಟ್ರಿಕ್. ನಾಲ್ಕು ಚಕ್ರದ ಸರಕು ಗಾಡಿಗಳಲ್ಲಿ ಅದರ ಪಾಲು ಇನ್ನೂ ತೀರಾ ಸಣ್ಣದು.

ಆ ನಾಲ್ಕು ಚಕ್ರದ ಕಥೆಗೆ ಬರೋಣ. 2005ರ ಮೇ ತಿಂಗಳಲ್ಲಿ ಟಾಟಾ ಏಸ್ ಬಂದಾಗ ಎರಡು ಸಿಲಿಂಡರಿನ ಈ ಪುಟಾಣಿ ಗಾಡಿಯ ಮೇಲೆ ಅನುಮಾನಪಟ್ಟವರು ಬಹಳ. ಎರಡು ವರ್ಷ ತುಂಬುವ ಮೊದಲೇ ಒಂದು ಲಕ್ಷ ಗಾಡಿ ಮಾರಾಟವಾಯಿತು. ಕಾರ್ಖಾನೆಯೇ ಬೇಡಿಕೆಯ ಹಿಂದೆ ಓಡಬೇಕಾಯಿತು. ಅದೇ ಕಂಪೆನಿಯ ನ್ಯಾನೊ ಕಾರಿಗೆ 2009ರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಹಣ ಕಟ್ಟಿ ಬುಕ್ ಮಾಡಿದರು. ಯಾರಿಗೆ ಮೊದಲು ಕೊಡುವುದು ಎಂದು ಚೀಟಿ ಎತ್ತಿದರು. ಸಾನಂದದಲ್ಲಿ ವರ್ಷಕ್ಕೆ ಎರಡೂವರೆ ಲಕ್ಷ ಸಾಮರ್ಥ್ಯದ ಕಾರ್ಖಾನೆ ಎದ್ದಿತು. ಆದರೆ ಅತಿ ಹೆಚ್ಚು ಮಾರಾಟ ಕಂಡ ವರ್ಷದಲ್ಲೂ ನ್ಯಾನೊ 75 ಸಾವಿರ ಮುಟ್ಟಲಿಲ್ಲ. ಬುಕಿಂಗ್ ಸಾಲು ಉದ್ದವಿದ್ದದ್ದು ನ್ಯಾನೊಗೆ, ಬಾಳಿದ್ದು ಏಸ್.

2022ರ ಮೇ 5ರಂದು ಏಸ್‌ನ ಎಲೆಕ್ಟ್ರಿಕ್ ರೂಪ ಅನಾವರಣಗೊಂಡಾಗ ಅಮೆಜಾನ್, ಬಿಗ್‌ಬಾಸ್ಕೆಟ್, ಫ್ಲಿಪ್‌ಕಾರ್ಟ್ ಮೊದಲಾದ ಸಂಸ್ಥೆಗಳೊಂದಿಗೆ ಒಟ್ಟು 39,000 ಗಾಡಿಗಳಿಗೆ ಒಡಂಬಡಿಕೆಯಾಗಿದೆ ಎಂದು ಕಂಪೆನಿ ಪ್ರಕಟಿಸಿತು. ಮೊದಲ ಗಾಡಿಗಳು ಗ್ರಾಹಕರ ಕೈಸೇರಿದ್ದು 2023ರ ಜನವರಿಯಲ್ಲಿ, ಎಂಟು ತಿಂಗಳ ನಂತರ. 21.3 ಯೂನಿಟ್ ಬ್ಯಾಟರಿ, ಪ್ರಮಾಣೀಕೃತ ಓಟ 154 ಕಿಲೋಮೀಟರ್, ಬೆಲೆ ಹತ್ತು ಲಕ್ಷದ ಹತ್ತಿರ. 2024ರ ಮೇನಲ್ಲಿ ಒಂದು ಟನ್ ಹೊರುವ ಮಾದರಿ ಬಂತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಮಹೀಂದ್ರ ‘ಜಿಯೊ’, 2025ರ ಜೂನ್‌ನಲ್ಲಿ ಆರೂವರೆ ಲಕ್ಷಕ್ಕೆ ‘ಏಸ್ ಪ್ರೊ ಇವಿ’, ಅದೇ ಸೆಪ್ಟೆಂಬರ್‌ನಲ್ಲಿ ಆರು ಲಕ್ಷದೊಳಗೆ ಯೂಲರ್ ಕಂಪೆನಿಯ ‘ಟರ್ಬೊ ಇವಿ 1000’. ಈ ಸಾಲಿನಲ್ಲಿ ಗಮನಿಸಬೇಕಾದದ್ದು ಬೆಲೆ. ಮೂರು ವರ್ಷದೊಳಗೆ ಎಲೆಕ್ಟ್ರಿಕ್ ಸರಕು ಗಾಡಿಯ ಆರಂಭಿಕ ಬೆಲೆ ಹತ್ತು ಲಕ್ಷದಿಂದ ಆರು ಲಕ್ಷದ ಮಟ್ಟಕ್ಕೆ ಇಳಿಯಿತು. ಯಾವ ಬುಕಿಂಗ್ ಪ್ರಕಟಣೆಗಿಂತಲೂ ಇದು ಬಲವಾದ ಮುನ್ಸೂಚನೆ. ಬಂದರಿನ ಸಾಲಿನಲ್ಲಿ ನಿಲ್ಲುವ ಒಂಟಿ ಮಾಲೀಕನ ಕೈಗೆಟಕುವ ಬೆಲೆ ಅದು. ಹತ್ತು ಲಕ್ಷದ ಗಾಡಿ ದೊಡ್ಡ ಸಂಸ್ಥೆಗಳ ಗುತ್ತಿಗೆದಾರರಿಗೆ ಮಾತ್ರ ಹೊಂದುವಂಥದ್ದಾಗಿತ್ತು.

ಅಮೆರಿಕದ ಪಿಕಪ್ಪುಗಳ ಪಾಡು

ಎಲೆಕ್ಟ್ರಿಕ್ ಪಿಕಪ್ಪಿನ ವಿಷಯದಲ್ಲಿ ಅಂದಾಜುಗಳು ಎಷ್ಟರಮಟ್ಟಿಗೆ ತಪ್ಪಬಹುದು ಎಂದು ನೋಡಬೇಕಾದರೆ ಅಮೆರಿಕದತ್ತ ನೋಡಬೇಕು. ಟೆಸ್ಲಾ 2019ರ ನವೆಂಬರ್‌ನಲ್ಲಿ ಸೈಬರ್‌ಟ್ರಕ್ ತೋರಿಸಿತು. ಬೆಲೆ 39,900 ಡಾಲರಿನಿಂದ, ತಯಾರಿ 2021ರಲ್ಲಿ ಎಂದಿತು. ನೂರು ಡಾಲರ್ ಕಟ್ಟಿ, ಬೇಡವಾದರೆ ವಾಪಸು ಪಡೆಯಬಹುದಾದ ಬುಕಿಂಗ್ ಹತ್ತು ಲಕ್ಷ ದಾಟಿತು ಎಂದು ಎಲಾನ್ ಮಸ್ಕ್ ಹೇಳಿದರು. ಮೊದಲ ಗಾಡಿಗಳು ಕೈಸೇರಿದ್ದು 2023ರ ನವೆಂಬರ್ 30ರಂದು. ಬೆಲೆ ಆರಂಭವಾದದ್ದು 60,990 ಡಾಲರಿಗೆ. 2025ರ ಹೊತ್ತಿಗೆ ವರ್ಷಕ್ಕೆ ಎರಡೂವರೆ ಲಕ್ಷ ತಯಾರಿಸುವ ಮಟ್ಟ ಮುಟ್ಟಬಹುದು ಎಂಬ ಅಂದಾಜನ್ನೂ ಮಸ್ಕ್ ಕೊಟ್ಟಿದ್ದರು.

ಎಷ್ಟು ತಯಾರಾಯಿತು ಎಂದು ಟೆಸ್ಲಾ ಪ್ರತ್ಯೇಕವಾಗಿ ಹೇಳುವುದಿಲ್ಲ. ಹೇಳಿಸಿದ್ದು ದೋಷಗಳು. ಗಾಡಿಯಲ್ಲಿ ಸುರಕ್ಷತಾ ದೋಷ ಕಂಡಾಗ ಎಷ್ಟು ಗಾಡಿಗಳನ್ನು ಹಿಂದಕ್ಕೆ ಕರೆಯಲಾಗುತ್ತಿದೆ ಎಂದು ಅಲ್ಲಿನ ಹೆದ್ದಾರಿ ಸುರಕ್ಷತಾ ಇಲಾಖೆಗೆ ತಿಳಿಸಲೇಬೇಕು. 2024ರ ಏಪ್ರಿಲ್‌ನಲ್ಲಿ ಆ್ಯಕ್ಸಿಲರೇಟರ್ ಪೆಡಲ್ ಸಿಕ್ಕಿಹಾಕಿಕೊಳ್ಳುವ ದೋಷಕ್ಕಾಗಿ 3,878 ಗಾಡಿ, ಜೂನ್‌ನಲ್ಲಿ ವೈಪರ್ ದೋಷಕ್ಕೆ 11,688, 2025ರ ಮಾರ್ಚ್‌ನಲ್ಲಿ ಮೈಮೇಲಿನ ಒಂದು ಉಕ್ಕಿನ ಪಟ್ಟಿ ಕಳಚುವ ದೋಷಕ್ಕೆ 46,096. ಕೊನೆಯದು ಅದುವರೆಗೆ ತಯಾರಾದ ಹೆಚ್ಚುಕಡಿಮೆ ಎಲ್ಲ ಗಾಡಿಗಳ ಲೆಕ್ಕ. ಹದಿನೈದು ತಿಂಗಳಲ್ಲಿ ಐವತ್ತು ಸಾವಿರವೂ ಆಗಿರಲಿಲ್ಲ.

ಫೋರ್ಡ್ ಕಥೆ ಇದಕ್ಕಿಂತ ಚಿಕ್ಕದು. ಎಫ್-150 ಲೈಟ್ನಿಂಗ್‌ಗೆ ಎರಡು ಲಕ್ಷದ ಹತ್ತಿರ ಬುಕಿಂಗ್ ಬಂತು, ವರ್ಷಕ್ಕೆ ಒಂದೂವರೆ ಲಕ್ಷ ತಯಾರಿಸುವ ಗುರಿ ಇಟ್ಟರು. 2023ರಲ್ಲಿ ಅಮೆರಿಕದಲ್ಲಿ ಮಾರಿದ್ದು 24,165. ಲಾರ್ಡ್‌ಸ್ಟೌನ್ ಎಂಬ ಕಂಪೆನಿ ಒಂದು ಲಕ್ಷ ಮುಂಗಡ ಬೇಡಿಕೆ ಇದೆ ಎಂದಿತ್ತು. ಬೆರಳೆಣಿಕೆಯ ಗಾಡಿ ಮಾಡಿ 2023ರ ಜೂನ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಇವರ ನಡುವೆ ರಿವಿಯನ್ ಎಂಬ ಹೊಸ ಕಂಪೆನಿಯ ನಡೆ ನನಗೆ ಮೆಚ್ಚುಗೆ. 2022ಕ್ಕೆ ಐವತ್ತು ಸಾವಿರ ಗಾಡಿ ಸಾಧ್ಯ ಎಂದುಕೊಂಡಿದ್ದವರು ಬಿಡಿಭಾಗಗಳ ಕೊರತೆ ಕಂಡೊಡನೆ ಮಾರ್ಚ್‌ನಲ್ಲೇ ಗುರಿಯನ್ನು 25,000ಕ್ಕೆ ಇಳಿಸಿ ಹೇಳಿದರು. ವರ್ಷದ ಕೊನೆಗೆ ತಯಾರಾದದ್ದು 24,337. ಆಗ ಷೇರು ಬಿತ್ತು, ಬೈಗುಳ ಬಂತು. ಆದರೆ ಗ್ರಾಹಕನಿಗೆ ಕೊಟ್ಟ ಮಾತು ಸರಿಸುಮಾರು ಉಳಿಯಿತು.

ಬೆಂಗಳೂರಿನ ಓಲಾ ಎಲೆಕ್ಟ್ರಿಕ್ ಸ್ಕೂಟರಿನ ಉದಾಹರಣೆಯೂ ಇಲ್ಲೇ ಬರಬೇಕು. 2021ರ ಜುಲೈನಲ್ಲಿ 499 ರೂಪಾಯಿ ಕಟ್ಟಿ ಒಂದೇ ದಿನದಲ್ಲಿ ಲಕ್ಷ ಜನ ಬುಕ್ ಮಾಡಿದರು. ಅಕ್ಟೋಬರ್ ಎಂದಿದ್ದ ವಿತರಣೆ ಡಿಸೆಂಬರ್ 15ರಂದು ಆರಂಭವಾಯಿತು. 2025ರ ಫೆಬ್ರುವರಿಯಲ್ಲಿ 25,000ಕ್ಕೂ ಹೆಚ್ಚು ಸ್ಕೂಟರ್ ಮಾರಿದ್ದೇವೆ ಎಂದು ಕಂಪೆನಿ ಹೇಳಿದಾಗ ಆ ತಿಂಗಳ ಸರ್ಕಾರಿ ನೋಂದಣಿಯಲ್ಲಿ ಕಂಡದ್ದು ಸುಮಾರು 8,600. ನೋಂದಣಿ ಮಾಡಿಸುವ ಏಜೆನ್ಸಿಗಳೊಂದಿಗಿನ ಒಪ್ಪಂದ ಬದಲಾದದ್ದೇ ವ್ಯತ್ಯಾಸಕ್ಕೆ ಕಾರಣ ಎಂದು ಕಂಪೆನಿ ವಿವರಣೆ ಕೊಟ್ಟಿತು. ಕಾರಣ ಏನೇ ಇರಲಿ, ‘ಮಾರಾಟ’ ಎಂಬ ಒಂದೇ ಮಾತಿನ ಕೆಳಗೆ ಎಷ್ಟು ಅಂತರ ಅಡಗಿರಬಹುದು ಎಂದು ಇಡೀ ದೇಶ ನೋಡಿತು.

ಚಾಸಿ ನಂಬರ್ ಹೇಳುವ ಲೆಕ್ಕ

ಕಂಪೆನಿ ಹೇಳದಿದ್ದರೂ ಗಾಡಿ ಹೇಳುತ್ತದೆ. ಯಾವುದೇ ಪಿಕಪ್ಪಿನ ಚಾಸಿಯ ಮೇಲೆ, ಆರ್‌ಸಿಯಲ್ಲಿ ಹದಿನೇಳು ಅಕ್ಷರ, ಅಂಕಿಗಳ ಸಾಲೊಂದಿದೆ. ಮೊದಲ ಮೂರು ತಯಾರಕನ ಗುರುತು: ಟಾಟಾ ಗಾಡಿಗೆ ‘ಎಂಎಟಿ’, ಮಹೀಂದ್ರಕ್ಕೆ ‘ಎಂಎ1’. ಹತ್ತನೆಯದು ವರ್ಷ: 2023ಕ್ಕೆ ‘ಪಿ’, 2024ಕ್ಕೆ ‘ಆರ್’, 2025ಕ್ಕೆ ‘ಎಸ್’. ಕೊನೆಯ ಅಂಕಿಗಳು ಕ್ರಮಸಂಖ್ಯೆ. ಈ ಕ್ರಮಸಂಖ್ಯೆಯಲ್ಲೇ ಉತ್ಪಾದನೆಯ ಗುಟ್ಟಿದೆ.

ಎರಡನೇ ಮಹಾಯುದ್ಧದಲ್ಲಿ ಜರ್ಮನಿ ತಿಂಗಳಿಗೆ ಎಷ್ಟು ಟ್ಯಾಂಕ್ ತಯಾರಿಸುತ್ತಿದೆ ಎಂದು ಮಿತ್ರರಾಷ್ಟ್ರಗಳಿಗೆ ತಿಳಿಯಬೇಕಿತ್ತು. ಗೂಢಚಾರರ ವರದಿ ಒಂದೆಡೆ. ಸೆರೆಸಿಕ್ಕ ಟ್ಯಾಂಕುಗಳ ಮೇಲಿನ ಕ್ರಮಸಂಖ್ಯೆ ಹಿಡಿದು ಗಣಿತಜ್ಞರು ಮಾಡಿದ ಲೆಕ್ಕ ಇನ್ನೊಂದೆಡೆ. 1941ರ ಜೂನ್ ತಿಂಗಳಿಗೆ ಗೂಢಚಾರರು 1,550 ಎಂದರು, ಗಣಿತಜ್ಞರು 244 ಎಂದರು. ಯುದ್ಧ ಮುಗಿದ ಮೇಲೆ ಜರ್ಮನಿಯದೇ ದಾಖಲೆ ತೆಗೆದು ನೋಡಿದರೆ 271. 1942ರ ಆಗಸ್ಟ್‌ಗೆ ಮತ್ತೆ ಗೂಢಚಾರರ ಲೆಕ್ಕ 1,550, ಗಣಿತದ್ದು 327, ನಿಜ 342. ಹಣ, ಜೀವ ಎರಡನ್ನೂ ಪಣಕ್ಕಿಟ್ಟು ತಂದ ಸುದ್ದಿಗಿಂತ ಉಕ್ಕಿನ ಮೇಲೆ ಗುದ್ದಿದ ನಂಬರ್ ಹೆಚ್ಚು ಸತ್ಯ ಹೇಳಿತು.

ಲೆಕ್ಕ ಸರಳ. ಕಂಡ ಸಂಖ್ಯೆಗಳಲ್ಲಿ ದೊಡ್ಡದನ್ನು ತೆಗೆದುಕೊಳ್ಳಿ; ಅದನ್ನು ಎಷ್ಟು ಗಾಡಿ ನೋಡಿದಿರೋ ಅಷ್ಟರಿಂದ ಭಾಗಿಸಿ ಬಂದದ್ದನ್ನು ಅದಕ್ಕೇ ಕೂಡಿಸಿ, ಒಂದು ಕಳೆಯಿರಿ. ಹೊಸ ಮಾದರಿಯ ಐದು ಗಾಡಿ ಕಂಡಿರಿ ಎನ್ನೋಣ, ಕ್ರಮಸಂಖ್ಯೆ 87, 160, 214, 330, 391. ದೊಡ್ಡದು 391, ಐದರಿಂದ ಭಾಗಿಸಿದರೆ 78, ಕೂಡಿಸಿ ಒಂದು ಕಳೆದರೆ 468. ಅಂದರೆ ಅದುವರೆಗೆ ತಯಾರಾದ ಗಾಡಿ ನಾಲ್ಕುನೂರೆಪ್ಪತ್ತರ ಆಸುಪಾಸು ಎಂದು ಅಂದಾಜು; ನೋಡಿದ್ದು ಐದೇ ಗಾಡಿಯಾದ್ದರಿಂದ ನಿಜಸಂಖ್ಯೆ ಇದಕ್ಕಿಂತ ಸಾಕಷ್ಟು ಹೆಚ್ಚುಕಡಿಮೆ ಇರಬಹುದು. ಎಚ್ಚರ ಬೇಕು. ಒಂದೇ ಸಾಲಿನಲ್ಲಿ ಡೀಸೆಲ್, ಎಲೆಕ್ಟ್ರಿಕ್ ಎರಡಕ್ಕೂ ನಂಬರ್ ಕೊಟ್ಟಿದ್ದರೆ ಲೆಕ್ಕ ಕೆಡುತ್ತದೆ. ಸಂಖ್ಯೆ ಒಂದರಿಂದಲೇ ಆರಂಭವಾಗಿರಬೇಕೆಂದೂ ಇಲ್ಲ. ಆದರೆ ತಿಂಗಳು ಬಿಟ್ಟು ತಿಂಗಳು ಅದೇ ಮಾದರಿಯ ನಂಬರ್ ಗಮನಿಸಿದರೆ ಏರಿಕೆಯ ವೇಗ ತಿಳಿದೇ ತಿಳಿಯುತ್ತದೆ. 2018ರಲ್ಲಿ ಬ್ಲೂಮ್‌ಬರ್ಗ್ ಸುದ್ದಿಸಂಸ್ಥೆ ಟೆಸ್ಲಾದ ಮಾಡೆಲ್ 3 ಕಾರು ವಾರಕ್ಕೆಷ್ಟು ತಯಾರಾಗುತ್ತಿದೆ ಎಂದು ಅಂದಾಜಿಸಿದ್ದು ಇದೇ ಚಾಸಿ ನಂಬರುಗಳನ್ನು ಕೂಡಿಹಾಕಿ.

ಆ ಕಾರಿನ ಕಥೆ ಹೊಸ ಗಾಡಿಗಳೆಲ್ಲದರ ಸ್ವಭಾವ ತೋರಿಸುತ್ತದೆ. 2017ರ ಜುಲೈನಲ್ಲಿ ತಯಾರಿ ಆರಂಭ, ಡಿಸೆಂಬರ್ ಹೊತ್ತಿಗೆ ತಿಂಗಳಿಗೆ ಇಪ್ಪತ್ತು ಸಾವಿರದ ಮಾತು. ಮೊದಲ ಮೂರು ತಿಂಗಳಲ್ಲಿ ಹೊರಬಂದದ್ದು 260. ಮುಂದಿನ ಮೂರು ತಿಂಗಳಲ್ಲಿ 2,425. ವಾರಕ್ಕೆ 5,000 ಮುಟ್ಟಿದ್ದು 2018ರ ಜೂನ್ ಕೊನೆಗೆ. ಸಾವಿರಾರು ಭಾಗ ಸೇರಿ ಒಂದು ಗಾಡಿಯಾಗುವಾಗ ಎಲ್ಲಕ್ಕಿಂತ ತಡವಾಗಿ ಬರುವ ಭಾಗವೇ ಇಡೀ ಕಾರ್ಖಾನೆಯ ವೇಗ ನಿರ್ಧರಿಸುತ್ತದೆ. ಆದ್ದರಿಂದ ಮೊದಲ ಆರು ತಿಂಗಳು ಸಂಖ್ಯೆ ತೆವಳುತ್ತದೆ, ತೊಡಕು ಬಿಡಿಸಿಕೊಂಡ ಮೇಲೆ ಒಮ್ಮೆಲೇ ಏರುತ್ತದೆ, ಆಮೇಲೆ ಬೇಡಿಕೆ ಎಷ್ಟಿದೆಯೋ ಅಲ್ಲಿ ನಿಲ್ಲುತ್ತದೆ. ತೆವಳುವ ಕಾಲದಲ್ಲಿ ನೋಡಿ ಇದು ಸತ್ತಿತು ಎನ್ನುವುದೂ ತಪ್ಪು, ಏರುವ ಕಾಲದಲ್ಲಿ ನೋಡಿ ಇದಕ್ಕೆ ಕೊನೆಯೇ ಇಲ್ಲ ಎನ್ನುವುದೂ ತಪ್ಪು.

ಎಲೆಕ್ಟ್ರಿಕ್ ಗಾಡಿಯಲ್ಲಿ ತಡವಾಗುವ ಭಾಗ ಯಾವುದು? ಬಹಳ ಸಲ ಬ್ಯಾಟರಿಯ ಸೆಲ್. ನಮ್ಮಲ್ಲಿ ಬಳಕೆಯಾಗುವ ಸೆಲ್‌ಗಳಲ್ಲಿ ಹೆಚ್ಚಿನವು ಇನ್ನೂ ಹೊರದೇಶದಿಂದ, ಮುಖ್ಯವಾಗಿ ಚೀನಾದಿಂದ ಬರುತ್ತವೆ. 2025ರ ಏಪ್ರಿಲ್‌ನಲ್ಲಿ ಚೀನಾ ಏಳು ಬಗೆಯ ಅಪರೂಪದ ಖನಿಜಗಳ ಮತ್ತು ಅವುಗಳಿಂದ ಮಾಡುವ ಅಯಸ್ಕಾಂತಗಳ ರಫ್ತಿಗೆ ಬಿಗಿ ಮಾಡಿದಾಗ ಮೋಟಾರಿನ ಅಯಸ್ಕಾಂತವೇ ಸಿಗದೆ ಬಜಾಜ್ ಚೇತಕ್ ಸ್ಕೂಟರಿನ ತಯಾರಿಗೆ ಪೆಟ್ಟು ಬಿತ್ತು. ಇನ್ನೊಂದು ಕಾರಣ ದೆಹಲಿಯದು. ನಾಲ್ಕು ಚಕ್ರದ ವಾಣಿಜ್ಯ ಗಾಡಿಗಳಿಗೂ ನೆರವಾಗುತ್ತಿದ್ದ ಫೇಮ್-2 ಯೋಜನೆ 2024ರ ಮಾರ್ಚ್ 31ಕ್ಕೆ ಮುಗಿಯಿತು. ಅದರ ನಂತರ ಬಂದ ಪಿಎಂ ಇ-ಡ್ರೈವ್‌ನಲ್ಲಿ ಸರಕಿನ ತ್ರಿಚಕ್ರಕ್ಕೆ ನೆರವು ಇಟ್ಟರು, ದೊಡ್ಡ ಲಾರಿಗಳಿಗೂ ಇಟ್ಟರು. ನಡುವಿನ ಮೂರೂವರೆ ಟನ್ನಿನೊಳಗಿನ ಪಿಕಪ್ಪಿಗೆ ಇಡಲಿಲ್ಲ. ಬಂದರಿನ ಬಡಪಾಯಿ ಮಾಲೀಕ ಕೊಳ್ಳುವುದು ಸರಿಯಾಗಿ ಆ ನಡುವಿನ ಗಾಡಿಯನ್ನೇ. ಈ ಅಂತರವನ್ನು ತುಂಬದೆ ಇರುವುದು ನೀತಿಯ ದೊಡ್ಡ ಕೊರತೆ ಎಂದೇ ನಾನು ಹೇಳುತ್ತೇನೆ.

ನಮ್ಮ ಊರಿನ ಅಂಕಿ

ದೇಶದ ಲೆಕ್ಕ ಬಿಟ್ಟು ಮಂಗಳೂರಿನದನ್ನು ನೋಡಲು ಯಾರ ಅಪ್ಪಣೆಯೂ ಬೇಡ. ಕೇಂದ್ರ ಸಾರಿಗೆ ಸಚಿವಾಲಯದ ‘ವಾಹನ್’ ಜಾಲತಾಣದಲ್ಲಿ ರಾಜ್ಯ ಆರಿಸಿ, ಆರ್‌ಟಿಒ ಆರಿಸಿ, ಎಲೆಕ್ಟ್ರಿಕ್ ಎಂದು ಇಂಧನ ಆರಿಸಿದರೆ ಯಾವ ಕಂಪೆನಿಯ ಎಷ್ಟು ಗಾಡಿ ಯಾವ ತಿಂಗಳು ನೋಂದಣಿಯಾಯಿತು ಎಂದು ಫೋನಿನಲ್ಲೇ ಕಾಣುತ್ತದೆ. ಕಂಪೆನಿವಾರು ಸಿಗುತ್ತದೆ, ಮಾದರಿವಾರು ಸಿಗುವುದಿಲ್ಲ. ದೇಶದ ಒಟ್ಟು ನೋಡುವಾಗ ತೆಲಂಗಾಣದ ನೋಂದಣಿ ಬಹುಕಾಲ ಇದರಲ್ಲಿ ಸೇರುತ್ತಿರಲಿಲ್ಲ ಎಂಬುದು ನೆನಪಿರಲಿ. ನಮ್ಮ ಜಿಲ್ಲೆಯ ಮಟ್ಟಿಗೆ ಇನ್ನೊಂದು ತೊಡಕು: ಮಂಗಳೂರಿನಲ್ಲಿ ಬಾಡಿಗೆ ಓಡುವ ಗಾಡಿಗಳೆಲ್ಲ ಕೆಎ-19 ಅಲ್ಲ. ಬಂಟ್ವಾಳದ ಕೆಎ-70, ಪುತ್ತೂರಿನ ಕೆಎ-21 ಇವೆ. ತಲಪಾಡಿ ದಾಟಿ ದಿನಾ ಬಂದುಹೋಗುವ ಕಾಸರಗೋಡಿನ ಕೆಎಲ್-14 ಗಾಡಿಗಳೂ ಇವೆ. ನಾಲ್ಕನ್ನೂ ಒಟ್ಟಿಗೆ ನೋಡಿದರೆ ಮಾತ್ರ ಈ ಕರಾವಳಿಯಲ್ಲಿ ಒಂದು ಕಂಪೆನಿ ಬೇರು ಬಿಡುತ್ತಿದೆಯೇ ಇಲ್ಲವೇ ಎಂದು ತಿಳಿಯುವುದು. ಆರು ತಿಂಗಳ ಸಾಲಿನಲ್ಲಿ ಸಂಖ್ಯೆ ನಿಧಾನವಾಗಿಯಾದರೂ ಏರುತ್ತಿದ್ದರೆ ಸರ್ವಿಸ್ ಸೆಂಟರ್ ನಿಲ್ಲುತ್ತದೆ. ಒಂದು ತಿಂಗಳು ಇಪ್ಪತ್ತು, ಮರುತಿಂಗಳು ಸೊನ್ನೆ ಎಂಬಂತಿದ್ದರೆ ಅದು ಯಾವುದೋ ಒಂದು ಸಂಸ್ಥೆ ಒಟ್ಟಿಗೆ ಕೊಂಡ ಗಾಡಿ. ಊರಿನ ಬೇಡಿಕೆ ಅಲ್ಲ.

ಮಂಗಳೂರಿನಲ್ಲಿ ಬೇಡಿಕೆಯ ಅಂದಾಜು ಹಾಕುವವರು ಇಲ್ಲಿನ ನೆಲವನ್ನೂ ನೋಡಬೇಕು. ಇದು ಏರಿಳಿತದ ಊರು. ಬೆಂದೂರ್‌ವೆಲ್, ಬಿಜೈ, ಕದ್ರಿ ಗುಡ್ಡಗಳನ್ನು ತುಂಬಿದ ಗಾಡಿ ಹತ್ತಬೇಕು. ಎಲೆಕ್ಟ್ರಿಕ್ ಮೋಟಾರಿಗೆ ಏರಿನಲ್ಲಿ ನಿಂತು ಹೊರಡುವ ಬಲ ಮೊದಲ ಕ್ಷಣದಿಂದಲೇ ಇದೆ. ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗ ಸ್ವಲ್ಪ ಚಾರ್ಜ್ ಮರಳುತ್ತದೆ. ಆದರೆ ಒಂದೊಂದೂ ಇಪ್ಪತ್ತೈದು, ಮೂವತ್ತು ಕಿಲೋ ತೂಗುವ ಕೆಂಪುಕಲ್ಲು ಹೇರಿದ ಗಾಡಿಗೆ ಪ್ರಮಾಣಪತ್ರದಲ್ಲಿ ಬರೆದ ಓಟ ಸಿಗುವುದಿಲ್ಲ. ಒಂದು ಟನ್ನಿನ ಮಿತಿ ಎಂದರೆ ಮೂವತ್ತೈದು, ನಲವತ್ತು ಕಲ್ಲು. ಇಲ್ಲಿ ಅದಕ್ಕಿಂತ ಹೆಚ್ಚು ಹೇರುವ ರೂಢಿ ಇರುವುದು ಎಲ್ಲರಿಗೂ ಗೊತ್ತು. ಮೀನಿನ ಗಾಡಿಗೆ ಉಪ್ಪುನೀರಿನ ಕಾಟ ಬೇರೆ. ತಟ್ಟೆಯಿಂದ ಸೋರಿದ ನೀರು ಚಾಸಿಗಿಳಿದು ನಾಲ್ಕೈದು ಮಳೆಗಾಲದಲ್ಲಿ ಉಕ್ಕನ್ನೇ ತಿನ್ನುತ್ತದೆ. ಬ್ಯಾಟರಿ ಪೆಟ್ಟಿಗೆಗೆ ನೀರು ಹೋಗದಿದ್ದರೂ ಅದಕ್ಕೆ ಹೋಗುವ ತಂತಿಯ ಕೊಂಡಿಗಳಿಗೆ ತುಕ್ಕು ಹಿಡಿಯದಂತೆ ನೋಡಿಕೊಳ್ಳಬೇಕು. ಆದ್ದರಿಂದ ನನ್ನ ಅಂದಾಜಿನಲ್ಲಿ ಎಲೆಕ್ಟ್ರಿಕ್ ಪಿಕಪ್ ಇಲ್ಲಿ ಮೊದಲು ಬೇರೂರುವುದು ಅಂಗಡಿ ಸಾಮಾನು, ಗ್ಯಾಸ್ ಸಿಲಿಂಡರ್, ಹಾಲು, ಪಾರ್ಸೆಲ್ ಸಾಗಣೆಯಲ್ಲಿ. ಕಲ್ಲು, ಹೊಯ್ಗೆ, ಮೀನು ಕೊನೆಗೆ.

ಇಂಧನದ ಪೈಪೋಟಿಯೂ ಇದೆ. ಕುತ್ತೆತ್ತೂರಿನಲ್ಲಿ ವರ್ಷಕ್ಕೆ ಒಂದೂವರೆ ಕೋಟಿ ಟನ್ ಸಾಮರ್ಥ್ಯದ ಎಂಆರ್‌ಪಿಎಲ್ ಇರುವ ಊರು ಇದು. 2021ರ ಜನವರಿ 5ರಂದು ಕೊಚ್ಚಿ–ಮಂಗಳೂರು ಅನಿಲ ಕೊಳವೆ ಉದ್ಘಾಟನೆಯಾದ ಮೇಲೆ ಸಿಎನ್‌ಜಿಯ ದಾರಿಯೂ ತೆರೆಯಿತು. ಡೀಸೆಲ್ ಲೀಟರಿಗೆ 90 ರೂಪಾಯಿ, ಲೀಟರಿಗೆ 18 ಕಿಲೋಮೀಟರ್ ಎಂದು ಹಿಡಿದರೆ ಕಿಲೋಮೀಟರಿಗೆ ಐದು ರೂಪಾಯಿ. 21.3 ಯೂನಿಟ್ ಬ್ಯಾಟರಿ ನಿಜವಾಗಿ ನೂರು ಕಿಲೋಮೀಟರ್ ಓಡಿಸುತ್ತದೆ, ಯೂನಿಟಿಗೆ ಹತ್ತು ರೂಪಾಯಿ ಎಂದೇ ಹಿಡಿದರೂ ಎರಡು ರೂಪಾಯಿ ಚಿಲ್ಲರೆ. ದಿನಕ್ಕೆ ಎಂಬತ್ತು ಕಿಲೋಮೀಟರ್ ಓಡುವವನಿಗೆ ಇನ್ನೂರ ಮೂವತ್ತು ರೂಪಾಯಿ ಉಳಿತಾಯ, ತಿಂಗಳಿಗೆ ಇಪ್ಪತ್ತೈದು ದಿನವೆಂದರೆ ಸುಮಾರು 5,700. ದಿನಕ್ಕೆ ಮೂವತ್ತೇ ಕಿಲೋಮೀಟರ್ ಓಡುವವನಿಗೆ ಉಳಿಯುವುದು ತಿಂಗಳಿಗೆ ಎರಡು ಸಾವಿರದ ಚಿಲ್ಲರೆ. ಅದು ಕಂತಿನ ವ್ಯತ್ಯಾಸ ತುಂಬಲು ಸಾಲದು. ಸ್ಟ್ಯಾಂಡಿನಲ್ಲಿ ಕಾಯುವ ಹೊತ್ತೇ ಹೆಚ್ಚಿರುವ ಚಾಲಕರಿಗೆ ಎಲೆಕ್ಟ್ರಿಕ್ ಗಾಡಿ ಮಾರಲು ಹೊರಡುವ ಅಂದಾಜುಗಳು ಈ ಲೆಕ್ಕದಲ್ಲೇ ಎಡವುತ್ತವೆ.

ವಿತರಣೆಯ ಕೊನೆಯ ಕೊಂಡಿ ರಸ್ತೆ. ದೇಶದ ಬೇರೆ ಬೇರೆ ಮೂಲೆಗಳ ಕಾರ್ಖಾನೆಗಳಿಂದ ಟ್ರೇಲರ್ ಮೇಲೆ ಬರುವ ಗಾಡಿ ನಮ್ಮಲ್ಲಿಗೆ ತಲುಪಬೇಕಾದರೆ ಹೆದ್ದಾರಿ 66 ಇಲ್ಲವೇ ಘಾಟಿ. 2024ರ ಜುಲೈನಲ್ಲಿ ಸಕಲೇಶಪುರದ ದೊಡ್ಡತಪ್ಪಲೆಯಲ್ಲಿ ಗುಡ್ಡ ಕುಸಿದು ಶಿರಾಡಿ ಘಾಟಿ ರಸ್ತೆ ಬಂದ್ ಆಯಿತು. ಅದೇ ತಿಂಗಳು ಎಡಕುಮೇರಿ ಬಳಿ ರೈಲು ಹಳಿಯ ಕೆಳಗಿನ ಮಣ್ಣೂ ಜಾರಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಗಳೂರಿಗೆ ಗಾಡಿ ಬರುವ ದಿನ ಹೇಳುವವರು ಎರಡು ವಾರ ಹೆಚ್ಚಿಗೆ ಹಿಡಿಯುವುದೇ ಪ್ರಾಮಾಣಿಕ ಲೆಕ್ಕ.

ಇನ್ನು ಗಾಡಿ ಕೊಳ್ಳುವವರಿಗೆ ಒಂದು ಮಾತು. ಮುಂಗಡ ಕೊಡುವ ಮೊದಲು ಡೀಲರ್ ಹತ್ತಿರ ಮೂರು ವಿಷಯ ಬರಹದಲ್ಲಿ ಕೇಳಿ: ನಿಮಗಿಂತ ಮುಂದೆ ಎಷ್ಟು ಬುಕಿಂಗ್ ಇದೆ, ಕಳೆದ ಮೂರು ತಿಂಗಳಲ್ಲಿ ಈ ಶೋರೂಮಿಗೆ ಆ ಮಾದರಿಯ ಎಷ್ಟು ಗಾಡಿ ಬಂತು, ಹೇಳಿದ ದಿನಕ್ಕೆ ಬಾರದಿದ್ದರೆ ಮುಂಗಡ ಎಷ್ಟು ದಿನದಲ್ಲಿ ವಾಪಸ್. ಮೊದಲನೆಯದನ್ನು ಎರಡನೆಯದರ ತಿಂಗಳ ಸರಾಸರಿಯಿಂದ ಭಾಗಿಸಿದರೆ ನೀವು ಎಷ್ಟು ತಿಂಗಳು ಕಾಯಬೇಕೆಂಬ ಉತ್ತರ ಸಿಗುತ್ತದೆ. ಗಾಡಿ ಬಂದ ದಿನ ಚಾಸಿ ನಂಬರ್ ಓದಿ, ತಯಾರಾದ ತಿಂಗಳು ಯಾವುದೆಂದು ಕೇಳಿ. ಆರು ತಿಂಗಳ ಹಿಂದೆ ತಯಾರಾಗಿ ಯಾರ್ಡಿನಲ್ಲಿ ನಿಂತಿದ್ದ ಗಾಡಿಯಾದರೆ ‘ವೇಟಿಂಗ್ ಇದೆ’ ಎಂದದ್ದು ಸುಳ್ಳು. ಆಗ ಬೆಲೆಯಲ್ಲಿ ಚೌಕಾಸಿ ಮಾಡುವ ಹಕ್ಕು ನಿಮ್ಮದು, ಅಷ್ಟು ಕಾಲ ನಿಂತ ಬ್ಯಾಟರಿಯ ಸ್ಥಿತಿಯನ್ನು ಪರೀಕ್ಷಿಸಿ ಬರೆದುಕೊಡಿ ಎನ್ನುವ ಹಕ್ಕೂ ನಿಮ್ಮದು. ಡೀಲರುಗಳಲ್ಲಿ ನನ್ನ ಕೋರಿಕೆಯೂ ಇಷ್ಟೇ: ಆ ಮೂರು ಅಂಕಿಗಳನ್ನು ಗ್ರಾಹಕ ಕೇಳುವ ಮೊದಲೇ ಶೋರೂಮಿನ ಗೋಡೆಯ ಮೇಲೆ ಬರೆದು ಹಾಕಿ.